ನಿಧಾನಪ್ಪನ ಸರದಿ

ನನ್ನ ಭಾವನಿಗೆ ಎರಡು ಅಡ್ಡಹೆಸರು. ಕೆಲಸದ ಜಾಗದಲ್ಲಿ ಅವರು ‘ಮಿಂಚು’. ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವವರ ಸಾಲಿನಲ್ಲಿ ಅವರಷ್ಟು ಚುರುಕಿನವರಿಲ್ಲ. ಗೋಳೋ ಎಂದು ಅಳುತ್ತಿರುವವರ ಬಾಯಿಂದ ವಿಳಾಸ ಹೊರಡಿಸಿ, ಯಾವ ಗಾಡಿ ಹತ್ತಿರ ಇದೆ ಅಂತ ನೋಡಿ ಓಡಿಸಿ, ಉಸಿರು ಬಿಡುವ ಮೊದಲೇ ಮುಂದಿನ ಕರೆ ಎತ್ತುತ್ತಾರಂತೆ. ನನ್ನ ಅಂಗಡಿಯಲ್ಲಿ, ಭಾನುವಾರ ಮಧ್ಯಾಹ್ನದ ಆಟದಲ್ಲಿ, ಅದೇ ಮನುಷ್ಯ ‘ನಿಧಾನಪ್ಪ’. ಹೆಸರಿಟ್ಟವಳು ನಾನಲ್ಲ, ನಮ್ಮ ಜೊತೆ ಆಡುವ ಲ್ಯಾಬಿನ ಹುಡುಗಿ. ಕರೆದು ಕರೆದು ರೂಢಿ ಮಾಡಿದವಳು ಮಾತ್ರ ನಾನೇ, ಸುಳ್ಳು ಯಾಕೆ ಹೇಳಲಿ.

ಆಟ ಅಂದರೆ ಇಸ್ಪೀಟಲ್ಲ, ಕೇರಂ ಅಲ್ಲ. ಒಬ್ಬರು ಕತೆ ನಡೆಸಬೇಕು, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಬೇಕು. “ಬಾಗಿಲು ಒದೀತೀನಿ” ಅಂದರೆ ಸಾಲದು, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕೆ ಬಿದ್ದರೆ ಬಾಗಿಲು ಮುರಿಯಿತು, ಚಿಕ್ಕದು ಬಿದ್ದರೆ ಕಾಲು ಉಳುಕಿತು. ಮಾತು, ದಾಳ, ಮತ್ತೆ ಮಾತು, ಇಷ್ಟೇ. ದೊಡ್ಡವರು ಹೀಗೆಲ್ಲಾ ಆಡ್ತಾರಾ ಅಂತ ಮೂಗು ಮುರಿಯುವವರಿಗೆ ನಾನು ಉತ್ತರ ಕೊಡುವುದೇ ಇಲ್ಲ. ಅವರವರ ಬಟ್ಟೆಯ ಅಳತೆ ತಗೊಂಡು ಕಳಿಸುತ್ತೇನೆ.

ಕತೆ ನಡೆಸುವವಳು ನಾನು. ನನ್ನದು ಹೊಲಿಗೆ ಅಂಗಡಿ. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿದೆ. ಭಾನುವಾರ ಅದರ ಮೇಲೆ ಹಳೇ ಕಪ್ಪು ಬಟ್ಟೆ ಹಾಸಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಬರೆಯುತ್ತೇನೆ. ಕಳ್ಳರು ಅಂದರೆ ಕೋಟಿನ ಗುಂಡಿಗಳು. ಅವರ ನಾಯಕ ಹಿತ್ತಾಳೆ ಗುಂಡಿ. ನಮ್ಮವರು ಮೂವರೂ ಮೂರು ಬಣ್ಣದ ದಾರದ ಉಂಡೆಗಳು. ಯಾರು ಎಷ್ಟು ದೂರ ಓಡಬಹುದು ಅಂತ ಟೇಪು ಹಿಡಿದು ಅಳೆಯುತ್ತಿದ್ದೆವು. ಸಂಜೆ ಗಿರಾಕಿಗಳು ಹೊಲಿದದ್ದನ್ನು ತಗೊಂಡು ಹೋಗೋಕೆ ಬರುವುದರೊಳಗೆ ಎಲ್ಲ ಒರೆಸಿ, ಮಡಿಸಿ, ಶಟರ್ ಎತ್ತಬೇಕು.

ಆಡುವವರು ಮೂವರು. ಗಣಿತದ ಮೇಷ್ಟ್ರು, ಕತೆಯಲ್ಲಿ ಬಿಲ್ಲುಗಾರ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಹುಡುಗಿ, ಕತೆಯಲ್ಲಿ ಬೀಗ ಮುರಿಯುವ ಕಳ್ಳಿ. ಮೂರನೆಯವರು ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರು ಗುರಾಣಿ ಹಿಡಿದ ಕಾವಲುಗಾರ, ಗಾಯಕ್ಕೆ ಪಟ್ಟಿ ಕಟ್ಟಲು ಬಲ್ಲವನು.

ತೊಂದರೆ ಇದ್ದದ್ದು ಹೊಡೆದಾಟದಲ್ಲಿ. ಮಾತುಕತೆ, ಪ್ರಯಾಣ, ಪತ್ತೇದಾರಿ ಎಲ್ಲ ಸರಾಗ ನಡೆಯುತ್ತಿತ್ತು. ಒಂದು ಕತ್ತಿ ಹೊರಬಂತೋ, ಆ ಭಾನುವಾರ ಮುಗಿಯಿತು ಅಂತಲೇ ಲೆಕ್ಕ. ಸರದಿ ಯಾರದ್ದು ಅಂತ ದಾಳ, ತಗುಲಿತಾ ಅಂತ ದಾಳ, ಎಷ್ಟು ಪೆಟ್ಟಾಯಿತು ಅಂತ ಮತ್ತೊಂದು ದಾಳ, ಕೂಡಿಸು, ಕಳೆ. ಅದರ ಮೇಲೆ ಭಾವನ ಸರದಿ ಬಂದರೆ ಕತೆ ಅಲ್ಲೇ ನಿಂತಿತು. ದಾಳವನ್ನು ಮುಷ್ಟಿಯಲ್ಲಿಟ್ಟುಕೊಂಡು ಸೀಮೆಸುಣ್ಣದ ಗೆರೆಗಳನ್ನೇ ನೋಡುತ್ತಾ ಕೂರುತ್ತಿದ್ದರು. ನಾನು ಅವಸರ ಮಾಡಿದರೆ ಒಂದೇ ಉತ್ತರ. “ಒಂದ್ನಿಮಿಷ ಪುಟ್ಟಿ… ನಾನು ಈ ಕಡೆಯಿಂದ ಹೋದ್ರೆ… ಬೇಡ, ಬೇಡ, ಒಂದ್ನಿಮಿಷ.” ಲ್ಯಾಬಿನವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರೂ ಆ ಒಂದ್ನಿಮಿಷ ಮುಗಿದಿರುತ್ತಿರಲಿಲ್ಲ. ನನಗೋ ಮೈಯೆಲ್ಲಾ ಉರಿಯುತ್ತಿತ್ತು.

ಹಿಟ್ಟಿನ ಗಿರಣಿಯೊಂದನ್ನು ಕಳ್ಳರು ಹಿಡಿದುಕೊಂಡ ಕತೆ ಶುರುವಾಗಿ, ವಾರದ ಮೇಲೆ ವಾರ ಕಳೆದು, ನಮ್ಮವರು ಇನ್ನೂ ಗಿರಣಿಯ ಅಂಗಳದಲ್ಲೇ ಇದ್ದರು. ಒಂದು ದಿನ ಭಾವ ಹೊರಟ ಮೇಲೆ ಲ್ಯಾಬಿನವಳು ನಿಂತುಕೊಂಡಳು.

“ಟೈಲರಮ್ಮ, ಬೇಜಾರು ಮಾಡ್ಕೋಬೇಡಿ. ವಾರಕ್ಕೆ ಒಂದೇ ರಜೆ ನನಗೆ. ಅಣ್ಣ ಯೋಚನೆ ಮಾಡೋದನ್ನ ನೋಡೋಕೆ ಅಂತ ಬಸ್ ಹತ್ತಿ ಬರೋಕಾಗಲ್ಲ.”

“ಹಾಗಾದ್ರೆ ಏನ್ಮಾಡೋಣ?”

“ಅವರು ಸುಮ್ನೆ ಕೂತು ಕತೆ ಕೇಳ್ಲಿ. ಇಲ್ಲಾಂದ್ರೆ ನಾನೇ ಬಿಡ್ತೀನಿ.”

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರು ಅಂದರೆ ಹೌದು ಅಂತಲೇ ಅರ್ಥ.

“ಒಂದು ವಾರ ತಡೀರಿ,” ಅಂತ ಹೇಳಿ ಇಬ್ಬರನ್ನೂ ಕಳಿಸಿದೆ. ಯಾಕೆಂದರೆ ಅವರಿಬ್ಬರಿಗೂ ಗೊತ್ತಿಲ್ಲದ ಒಂದು ಮಾತು ನನಗೆ ಗೊತ್ತಿತ್ತು. ಭಾವ ನಿದ್ದೆ ಮಾಡುತ್ತಿರಲಿಲ್ಲ. ಕೆಲವು ತಿಂಗಳ ಹಿಂದೆ ಕಂಟ್ರೋಲ್ ರೂಮಿಗೆ ಒಂದೇ ಹೊತ್ತಿಗೆ ಎರಡು ಕರೆ ಬಂದವಂತೆ. ಇದ್ದದ್ದು ಒಂದೇ ಗಾಡಿ. ಒಂದು ಕಡೆ ಎದೆನೋವಿನ ಗಂಡಸು, ಇನ್ನೊಂದು ಕಡೆ ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಅಜ್ಜಿ. ಭಾವ ಗಾಡಿಯನ್ನು ಎದೆನೋವಿನ ಕಡೆ ಕಳಿಸಿದರು. ಆ ಗಂಡಸಿಗೆ ಆಗಿದ್ದು ಬರೀ ಗ್ಯಾಸು. ಅಜ್ಜಿ ಹೋಗಿಬಿಟ್ಟಿತು. ವಿಚಾರಣೆಯಾಯಿತು, ನಿಯಮದ ಪ್ರಕಾರ ಮಾಡಿದ್ದು ಸರಿಯಾಗಿಯೇ ಇದೆ ಅಂತ ಮೇಲಿನವರು ಬೆನ್ನು ತಟ್ಟಿ ಕಳಿಸಿದರು. ಅವತ್ತಿಂದ ಮನುಷ್ಯ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ ಅಂತ ಅಕ್ಕ ಹೇಳಿದ್ದಳು. ಮಾತ್ರೆ ನುಂಗಿದರೂ ಅಷ್ಟೇ. ಅರೆಬರೆ ಎಚ್ಚರದಲ್ಲಿ ಸ್ಕೂಟರನ್ನು ಹಾಲಿನ ವ್ಯಾನಿಗೆ ತಾಗಿಸಿಕೊಂಡು ಮೊಣಕೈ ಕಿತ್ತುಕೊಂಡು ಬಂದಿದ್ದರು.

“ನಿನ್ನ ಅಂಗಡಿಯಿಂದ ಬಂದ ಭಾನುವಾರ ಮಾತ್ರ ಒಂದಿಷ್ಟು ಕಣ್ಣು ಮುಚ್ತಾರೆ ಕಣೇ,” ಅಂದಿದ್ದಳು ಅಕ್ಕ ಫೋನಿನಲ್ಲಿ. “ಅದ್ಯಾಕೋ ನನಗೆ ಗೊತ್ತಿಲ್ಲ. ನಿನ್ನ ಆಟ ಏನೋ ಎಂತೋ. ಆದ್ರೆ ಅದೊಂದು ಮಾತ್ರ ಬಿಡಿಸ್ಬೇಡ್ವೇ. ಇನ್ನೊಂದು ಸಲ ಆ ಸ್ಕೂಟರ್ ಎಲ್ಲಿಗೆ ತಾಗುತ್ತೋ ಅಂತ ನನಗೆ ಪ್ರಾಣ ಬಾಯಿಗೆ ಬಂದಿರುತ್ತೆ ದಿನಾ.”

ಹೀಗೆ ಇಕ್ಕಟ್ಟು. ಭಾವನ ಕುರ್ಚಿ ಉಳಿಯಬೇಕು ಅಂದರೆ ಹೊಡೆದಾಟ ಓಡಬೇಕು. ಆ ವಾರವಿಡೀ ಗುಂಡಿಗೆ ಕಾಜಾ ಹೊಲಿಯುವಾಗಲೂ ನನ್ನ ತಲೆಯಲ್ಲಿ ಅದೇ. ಒಂದು ರವಿಕೆಗೆ ಎರಡೂ ತೋಳು ಎಡಗೈದೇ ಕೂರಿಸಿಬಿಟ್ಟೆ ಅಂದರೆ ನೋಡಿ.

ಮುಂದಿನ ಭಾನುವಾರ ಹೊಸ ಕಟ್ಟಳೆ ತಂದೆ. ಆಟದ ನಿಯಮದ ಪುಸ್ತಕದಲ್ಲಿ ಏನಾದರೂ ಬರೆದುಕೊಳ್ಳಲಿ, ನಮ್ಮ ಮೇಜಿನಲ್ಲಿ ಇನ್ನು ಹೀಗೆ ಅಂದೆ. ತಗುಲುವ ದಾಳ, ಪೆಟ್ಟಿನ ದಾಳ ಎರಡನ್ನೂ ಒಟ್ಟಿಗೇ ಎಸೆಯುವುದು. ಮೊದಲು ನಮ್ಮವರೆಲ್ಲ, ಆಮೇಲೆ ಕಳ್ಳರೆಲ್ಲ, ನಡುವೆ ಸರದಿಯ ಜಗಳವೇ ಬೇಡ. ಟೇಪು ಮುಟ್ಟುವಂತಿಲ್ಲ, ‘ಕೈಗೆಟಕುವ ದೂರ’, ‘ಓಡಿ ಹೋಗುವ ದೂರ’, ಇಷ್ಟೇ ಎರಡು ಅಳತೆ. ಲ್ಯಾಬಿನವಳ ಮುಖ ಅರಳಿತು. ಆಗ ಮೇಷ್ಟ್ರು ಚೀಲದಿಂದ ಒಂದು ಮರಳು ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು. ಮೇಲಿನ ಗಾಜಿನಿಂದ ಕೆಳಗಿನ ಗಾಜಿಗೆ ಕೆಂಪು ಮರಳು ಸುರಿಯುವಂಥದ್ದು.

“ಬಾಯಿಲೆಕ್ಕ ಮಾಡಿಸೋಕೆ ಕ್ಲಾಸಲ್ಲಿ ಇಟ್ಕೊಂಡಿದೀನಿ. ಮರಳು ಮುಗಿಯೋದ್ರೊಳಗೆ ಹೇಳ್ಲಿಲ್ಲ ಅಂದ್ರೆ ಸರದಿ ಹೋಯ್ತು. ಎಲ್ಲರಿಗೂ ಒಂದೇ ನ್ಯಾಯ,” ಅಂದರು.

ನಾನು ಭಾವನ ಮುಖ ನೋಡಿದೆ. “ಅಯ್ಯೋ, ಆಗ್ಲಿ ಬಿಡಿ,” ಅಂತ ನಕ್ಕರು. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿತ್ತು.

ಇನ್ನೂ ಬಿರುಸಾಗಲಿ ಅಂತ ಕತೆಯಲ್ಲೂ ನನ್ನ ಕೈಚಳಕ ತೋರಿಸಿದ್ದೆ. ಒಂದೇ ಕಡೆ ಹೊಡೆದಾಟ ನಡೆದರೆ ಜನ ಯೋಚಿಸುತ್ತಾ ಕೂರುತ್ತಾರೆ. ಎರಡು ಕಡೆ ಒಟ್ಟಿಗೆ ಗಂಡಾಂತರ ಬಂದರೆ ತಕ್ಷಣ ಏಳುತ್ತಾರೆ. ನನ್ನ ಲೆಕ್ಕ ಅಷ್ಟೇ ಇದ್ದದ್ದು. ಮೊದಲ ಸುತ್ತು ಸುಸೂತ್ರ, ಎರಡನೆಯದೂ ಹಾಗೇ. ಗುಂಡಿಗಳು ಟಪಟಪ ಬಿದ್ದವು. ಇಷ್ಟು ದಿನ ಇದನ್ನ ಯಾಕೆ ಮಾಡಲಿಲ್ಲವೋ ಅಂತ ನನಗೇ ಖುಷಿಯಾಗಿ ಹೋಯಿತು.

ಮೂರನೆಯ ಸುತ್ತಿಗೆ ಲ್ಯಾಬಿನವಳ ಕಳ್ಳಿಗೆ ಬೆನ್ನಿಗೆ ಚೂರಿ ಬಿತ್ತು. ಮೆಟ್ಟಿಲ ಬುಡದಲ್ಲಿ ರಕ್ತ ಸುರಿಸುತ್ತಾ ಬಿದ್ದಳು. ಅದೇ ಗಳಿಗೆಗೆ ನಾನು ಅಟ್ಟಕ್ಕೆ ಬೆಂಕಿ ಹಚ್ಚಿದೆ. ಅಲ್ಲಿ ಗಿರಣಿಯ ಮುದುಕಿಯನ್ನು ಕಟ್ಟಿಹಾಕಿದ್ದರು.

“ಅಟ್ಟದಿಂದ ಮುದುಕಿ ಕೂಗ್ತಿದಾಳೆ. ಕೆಳಗೆ ಇವಳ ಉಸಿರು ನಿಲ್ತಾ ಇದೆ. ಹತ್ತಿರ ಇರೋನು ಕಾವಲುಗಾರ ಒಬ್ಬನೇ. ಭಾವ, ನಿಮ್ಮ ಸರದಿ. ಎಲ್ಲಿಗೆ ಹೋಗ್ತೀರಿ?”

ಮೇಷ್ಟ್ರು ಗಾಜನ್ನು ತಿರುವಿಟ್ಟರು. ಮರಳು ಸುರಿಯತೊಡಗಿತು.

ಭಾವ ದಾರದ ಉಂಡೆಯ ಮೇಲೆ ಬೆರಳಿಟ್ಟರು. ಮೆಟ್ಟಿಲ ಕಡೆ ಸರಿಸಿದರು, ವಾಪಸ್ ತಂದರು. ಇನ್ನೊಮ್ಮೆ ಸರಿಸಿದರು. ಸೀಮೆಸುಣ್ಣದ ಗೆರೆ ನೋಡುವುದು ಬಿಟ್ಟು ಮರಳನ್ನೇ ನೋಡತೊಡಗಿದರು. ಹಣೆಯ ಮೇಲೆ ಬೆವರು ಮೂಡಿತು.

“ಹೇಳಿ ಅಣ್ಣಾ, ನಾನು ಸಾಯ್ತಿದೀನಿ ಇಲ್ಲಿ!” ಅಂತ ಲ್ಯಾಬಿನವಳು ತಮಾಷೆಗೆ ಕೂಗಿದಳು.

“ವಿಳಾಸ ಹೇಳಿ,” ಅಂದರು ಭಾವ.

ಧ್ವನಿ ಅವರದ್ದಲ್ಲ. ಒಣಗಿದ, ಏರಿಳಿತವೇ ಇಲ್ಲದ ದನಿ. ಲ್ಯಾಬಿನವಳು ಕಿಸಕ್ಕನೆ ನಕ್ಕಳು.

“ಅಳ್ಬೇಡಿ. ಮೊದಲು ವಿಳಾಸ ಹೇಳಿ. ಉಸಿರಾಡ್ತಿದಾರಾ? ವಿಳಾಸ ಹೇಳಿ.”

ಅವಳ ನಗು ಅಲ್ಲೇ ಸತ್ತಿತು. ಮರಳು ಮುಗಿಯಿತು. ಮೇಲಿನ ಗಾಜಿನಲ್ಲಿ ಮರಳಿಲ್ಲದ್ದು ಎಲ್ಲರಿಗೂ ಕಾಣುತ್ತಿತ್ತು. ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಪರದೆ ಸರಿಸಿಕೊಂಡು ಅಂಗಡಿಯ ಮುಂಭಾಗಕ್ಕೆ ಹೋದರು.

ಒಂದೇ ಗಾಡಿ, ಎರಡು ಕರೆ. ಅಜ್ಜಿಯನ್ನೂ ನಾನೇ ಅಟ್ಟಕ್ಕೆ ಹತ್ತಿಸಿದ್ದೆ! ಇಷ್ಟು ಹೊತ್ತು ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲವಲ್ಲ. ಎದ್ದು ಅವರ ಹಿಂದೆಯೇ ಹೋದೆ.

ಮುಂಭಾಗದಲ್ಲಿ ಶಟರ್ ಇಳಿದೇ ಇತ್ತು. ಹ್ಯಾಂಗರಿಗೆ ತೂಗುಹಾಕಿದ ಕೋಟುಗಳ ನಡುವೆ ಭಾವ ನಿಂತಿದ್ದರು. ಯಾರದೋ ಕೋಟಿನ ತೋಳು ಹಿಡಿದುಕೊಂಡಿದ್ದರು.

“ಭಾವ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ,” ಅಂದೆ. “ನನಗೆ ಗೊತ್ತಾಗ್ಲಿಲ್ಲ. ದೇವರಾಣೆ.”

“ನಿನ್ನದೇನು ತಪ್ಪು ಬಿಡು ಪುಟ್ಟಿ.” ಕೋಟಿನ ತೋಳನ್ನು ಮೆಲ್ಲಗೆ ಬಿಟ್ಟರು. “ಅಲ್ಲಿ ಕಂಟ್ರೋಲ್ ರೂಮಲ್ಲಿ ಎದುರಿಗೆ ಕಂಪ್ಯೂಟರ್ ಮೇಲೆ ಕೆಂಪು ಅಂಕೆ ಓಡ್ತಾ ಇರುತ್ತೆ. ಎಷ್ಟು ಹೊತ್ತಾಯ್ತು ಅಂತ. ಯೋಚನೆ ಮಾಡೋಕೆ ಬಿಡಲ್ಲ. ಮಾಡಲೂಬಾರದು. ಅದಕ್ಕೇ ಇಲ್ಲಿ ಬರ್ತಿದ್ದೆ. ಇಲ್ಲಿ ಯೋಚಿಸ್ಬಹುದಿತ್ತು.”

“ಏನು ಯೋಚಿಸ್ತಿದ್ರಿ ಅಷ್ಟೊಂದು? ಬರೀ ಗುಂಡಿ, ದಾರ.”

“ಯಾರೂ ಸಾಯದ ಹಾಗೆ ಒಂದು ದಾರಿ ಇದ್ದೇ ಇರುತ್ತೆ ಅಂತ. ಇಲ್ಲೇ ಎಲ್ಲೋ ಇದೆ, ಸಿಗುತ್ತೆ ಅಂತ ಹುಡುಕ್ತಿರ್ತೀನಿ. ಒಂದೊಂದು ಸಲ ಸಿಗುತ್ತೆ. ಅವತ್ತು ನಿದ್ದೆ ಬರುತ್ತೆ ನನಗೆ.”

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ, ಅದೊಂದು ರೋಗ. “ಹಾಗಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನಿಮ್ಮಿಂದ ಆಟ ನಿಧಾನ ಆಗ್ತಿದೆ ಅಂತ ಅವರಿಬ್ಬರೂ ಕಾಲು ಕೀಳ್ತಿದಾರೆ, ನಾನಿಲ್ಲಿ ಒದ್ದಾಡ್ತಿದೀನಿ!” ಅಂತ ರೇಗಿಬಿಟ್ಟೆ.

ಅವರಿಗೂ ರೇಗಿತು. ಅಷ್ಟು ವರ್ಷದಲ್ಲಿ ಮೊದಲ ಸಲ.

“ನನ್ನಿಂದ ನಿಧಾನ ಆಗ್ತಿರೋದಾ? ನಿನ್ನ ಕಳ್ಳರಿಗೆ ಹೆಂಡ್ತಿ ಮಕ್ಕಳಿಲ್ವೇನೇ? ನಾಯಕ ಬಿದ್ದ ಮೇಲೂ ಕೊನೇ ಗುಂಡಿವರೆಗೂ ಹೊಡೆದಾಡ್ತಾರಲ್ಲ, ಯಾವ ಲೋಕದವರು ಅವರು? ದಿನಾ ಎಷ್ಟು ಹೊಡೆದಾಟದ ಕರೆ ಎತ್ತಿದೀನಿ ನಾನು. ಗಾಡಿ ಹೋಗೋ ಹೊತ್ತಿಗೆ ಅರ್ಧ ಜನ ಚಪ್ಪಲಿ ಬಿಟ್ಟು ಓಡಿಹೋಗಿರ್ತಾರೆ. ನೀನು ಒಬ್ಬನನ್ನೂ ಓಡೋಕೆ ಬಿಡಲ್ಲ. ಆಮೇಲೆ ಹೊತ್ತಾಯ್ತು ಅಂತ ನನ್ನ ತಲೆ ಮೇಲೆ ಮರಳು ಸುರೀತೀರಿ!”

ಹೇಳಿ, ಪಕ್ಕದ ಸಣ್ಣ ಬಾಗಿಲಿನಿಂದ ಹೊರಟೇ ಹೋದರು. ಸ್ಕೂಟರ್ ಶುರುವಾದ ಸದ್ದು ಕೇಳಿ, ದೇವರೇ ಮೆಲ್ಲಗೆ ಹೋಗಲಿ ಅಂತ ಕೋಟುಗಳ ನಡುವೆ ನಿಂತು ಬೇಡಿಕೊಂಡೆ. ಒಳಗೆ ಹೋಗಿ ಅವರಿಬ್ಬರಿಗೂ ಎಲ್ಲ ಹೇಳಿದೆ, ಅಜ್ಜಿಯ ಕರೆ, ನಿದ್ದೆ, ಸ್ಕೂಟರು, ಏನನ್ನೂ ಮುಚ್ಚಿಡಲಿಲ್ಲ. ಲ್ಯಾಬಿನವಳು ನಿಧಾನಪ್ಪ ಅಂತ ಹೆಸರಿಟ್ಟದ್ದಕ್ಕೆ ತನ್ನ ಬಾಯಿಗೆ ತಾನೇ ಬಡಿದುಕೊಂಡಳು.

ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಫೋನ್ ಬಡಿದರೆ ಬೆಚ್ಚಿ ಬೀಳುತ್ತಿದ್ದೆ. ರಸ್ತೆಯಲ್ಲಿ ಆಂಬ್ಯುಲೆನ್ಸ್ ಸದ್ದಾದರೆ ಮಿಶನ್ನಿನ ಮೇಲಿಂದ ಕಾಲೇ ಎತ್ತಿಬಿಡುತ್ತಿದ್ದೆ. ಅಕ್ಕ ಫೋನ್ ಮಾಡಿ, “ಏನಾಯ್ತೇ ಅಲ್ಲಿ? ಬಂದವರು ಗೋಡೆ ನೋಡ್ಕೊಂಡು ಕೂತಿದಾರೆ. ಭಾನುವಾರವೂ ನಿದ್ದೆ ಮಾಡ್ಲಿಲ್ಲ ಈ ಸಲ,” ಅಂದಳು. “ಈ ಭಾನುವಾರ ಹೇಗಾದ್ರೂ ಮಾಡಿ ಕಳ್ಸು. ಸ್ಕೂಟರಲ್ಲಿ ಬೇಡ, ನೀನೇ ಆಟೋ ಹತ್ತಿಸು,” ಅಂದೆ. “ಅವರು ಬರ್ತಾರೆ ಅಂತ ನನಗನ್ನಿಸಲ್ಲ,” ಅಂದಳು ಅಕ್ಕ.

ಭಾನುವಾರ ಬಂತು. ಮೇಷ್ಟ್ರು, ಲ್ಯಾಬಿನವಳು ಮುಂಚೆಯೇ ಬಂದು ಕೂತರು. ಯಾರೂ ದಾಳ ಮುಟ್ಟಲಿಲ್ಲ. ನಾನು ಬಾಗಿಲಿಗೂ ಮೇಜಿಗೂ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಇನ್ನು ಬರುವುದಿಲ್ಲ ಅಂತ ಬಟ್ಟೆ ಮಡಿಸಲು ಕೈ ಹಾಕಿದಾಗ ಹೊರಗೆ ಆಟೋ ನಿಂತ ಸದ್ದಾಯಿತು.

“ನಿಮ್ಮಕ್ಕ ನೂಕಿಬಿಟ್ಟಳು,” ಅಂತ ಒಳಗೆ ಬಂದರು ಭಾವ. ಗಡ್ಡ ಬೆಳೆದಿತ್ತು, ಶರಟಿನ ಗುಂಡಿ ಮೇಲೆ ಕೆಳಗಾಗಿತ್ತು.

“ಕೂತ್ಕೊಳ್ಳಿ. ಕಟ್ಟಳೆ ಬದಲಾಗಿದೆ,” ಅಂದೆ. “ಒಟ್ಟಿಗೆ ಎಸೆಯೋ ದಾಳ ಹಾಗೇ ಇರುತ್ತೆ. ಮರಳು ಇನ್ಮೇಲೆ ನನಗೆ ಮಾತ್ರ. ಕಳ್ಳರು ಏನು ಮಾಡ್ತಾರೆ ಅಂತ ಮರಳು ಮುಗಿಯೋದ್ರೊಳಗೆ ನಾನು ಹೇಳ್ಬೇಕು, ಇಲ್ಲಾಂದ್ರೆ ನನ್ನ ಸರದಿ ಹೋಯ್ತು. ಮತ್ತೆ, ನಾಯಕ ಬಿದ್ರೆ, ಇಲ್ಲಾ ಅರ್ಧ ಜನ ಬಿದ್ರೆ, ಉಳಿದವರಿಗೆ ಒಂದು ದಾಳ ಹಾಕ್ತೀನಿ. ಚಿಕ್ಕದು ಬಿತ್ತೋ, ಚಪ್ಪಲಿ ಬಿಟ್ಟು ಓಡ್ತಾರೆ.”

ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

ಕಳೆದ ವಾರ ನಿಂತಲ್ಲಿಂದಲೇ ಶುರು ಮಾಡಿದೆವು. ಮೇಷ್ಟ್ರು ಬಿಲ್ಲೆತ್ತಿ ಎರಡೂ ದಾಳ ಒಟ್ಟಿಗೆ ಎಸೆದರು, ಹಿತ್ತಾಳೆ ಗುಂಡಿಯ ಎದೆಗೇ ನಾಟಿತು. ನಾಯಕ ಬಿದ್ದ. ನಾನು ಕಳ್ಳರಿಗೆ ದಾಳ ಹಾಕಿದೆ. ಬಿದ್ದದ್ದು ಬರೀ ಎರಡರ ಅಂಕೆ. ಕಪ್ಪು ಗುಂಡಿಗಳನ್ನೆಲ್ಲ ಒಂದೇ ಬಾಚಿಗೆ ಬಾಚಿ ಡಬ್ಬಿಗೆ ಸುರಿದೆ. ವಾರಗಟ್ಟಲೆ ಎಳೆದ ಹೊಡೆದಾಟ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತಿನಲ್ಲಿ ಮುಗಿದುಹೋಗಿತ್ತು! ಲ್ಯಾಬಿನವಳು ಬಾಯಿ ತೆರೆದು ಕೂತಳು. “ಇಷ್ಟೇನಾ?” ಅಂದಳು.

“ಇನ್ನೂ ಇದೆ,” ಅಂದೆ. “ನೀನು ಮೆಟ್ಟಿಲ ಬುಡದಲ್ಲಿ ಬಿದ್ದಿದೀಯ. ಮುದುಕಿ ಉರಿಯೋ ಅಟ್ಟದಲ್ಲಿದಾಳೆ. ಕಳ್ಳರಿಲ್ಲ, ಅಡ್ಡ ಯಾರೂ ಇಲ್ಲ. ಭಾವ, ನಿಮ್ಮ ಸರದಿ. ಮರಳಿಲ್ಲ. ನಿಮಗೆಷ್ಟು ಹೊತ್ತು ಬೇಕೋ ತಗೊಳ್ಳಿ.”

ಭಾವ ದಾಳವನ್ನು ಮುಷ್ಟಿಯಲ್ಲಿ ಹಿಡಿದು, ಎಂದಿನಂತೆ ಸೀಮೆಸುಣ್ಣದ ಗೆರೆಗಳ ಮೇಲೆ ಬಗ್ಗಿದರು. “ಬಿಲ್ಲುಗಾರನ ಹತ್ತಿರ ಹಗ್ಗ ಇದೆಯಲ್ವಾ?” ಅಂದರು. ಇದೆ ಅಂದರು ಮೇಷ್ಟ್ರು. “ಹಾಗಾದ್ರೆ ಅವನು ಹೊರಗಡೆ ಕಿಟಕಿಗೆ ಹಗ್ಗ ಹಾಕ್ಲಿ… ಮುದುಕಿ ಆ ಕಡೆಯಿಂದ… ನಾನು ಇಲ್ಲೇ ಕೂತು ಇವಳಿಗೆ ಪಟ್ಟಿ… ಇಬ್ಬರೂ ಉಳೀತಾರೆ. ಒಂದ್ನಿಮಿಷ… ಒಂದ್ನಿಮಿಷ ಪುಟ್ಟಿ.”

ನಾವು ಕಾದೆವು. ಮೇಜಿನ ಅಂಚಿನಲ್ಲಿ ಅಸ್ತರಿನ ಬಟ್ಟೆಯ ಸುರುಳಿಯಿತ್ತು, ಅದರ ಮೇಲೆ ಅವರ ಮೊಣಕೈ. ತಲೆ ಇನ್ನಷ್ಟು ಬಗ್ಗಿತು. ಲ್ಯಾಬಿನವಳು ಬಾಯಿ ತೆರೆಯಲು ಹೋದಳು. ಮೇಷ್ಟ್ರು ಯೋಚಿಸಲಿ ಬಿಡು ಅಂತ ಕೈಸನ್ನೆ ಮಾಡಿದರು. ಆಮೇಲೆ ಒಂದು ಸಣ್ಣ ಗೊರಕೆ ಕೇಳಿಸಿತು.

ಮೂವರೂ ಮುಖ ಮುಖ ನೋಡಿಕೊಂಡೆವು. ಭಾವನ ಕೆನ್ನೆ ಅಸ್ತರಿನ ಸುರುಳಿಗೆ ಒರಗಿತ್ತು, ಮುಷ್ಟಿಯಲ್ಲಿ ದಾಳ ಹಾಗೇ ಇತ್ತು. ಲ್ಯಾಬಿನವಳು ಉಳಿದ ದಾಳಗಳನ್ನು ಒಂದೊಂದಾಗಿ ಎತ್ತಿ, ಸದ್ದಾಗದ ಹಾಗೆ ಚಿಂದಿ ಬಟ್ಟೆಯೊಳಗೆ ಇಟ್ಟಳು. ಮೇಷ್ಟ್ರು ಎದ್ದು ಫ್ಯಾನನ್ನು ಅವರ ಕಡೆ ತಿರುಗಿಸಿದರು. ನಾನು ಅಕ್ಕನಿಗೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದೆ. ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

ಸಂಜೆಯಾಯಿತು. ಯಾರೋ ಗಿರಾಕಿ ಬಂದು ಶಟರನ್ನು ದಬದಬ ಬಡಿದ. ನಾನು ಸಣ್ಣ ಬಾಗಿಲಿನಿಂದ ಹಾರಿ ಹೋಗಿ ಅವನ ಕೈ ಹಿಡಿದುಬಿಟ್ಟೆ.

“ಬಡೀಬೇಡಿ! ನಿಮ್ಮ ಪ್ಯಾಂಟು ನಾಳೆ ಬೆಳಿಗ್ಗೆ ಮನೆಗೇ ತಂದುಕೊಡ್ತೀನಿ, ಹೋಗಿ.”

“ಯಾಕಮ್ಮಾ, ಒಳಗೆ ಏನು ನಡೀತಿದೆ?”

“ನಮ್ಮ ಭಾವನ ಸರದಿ,” ಅಂದೆ. “ಸ್ವಲ್ಪ ಹೊತ್ತು ಹಿಡಿಯುತ್ತೆ.”